ಹ್ಯಾಂಡ್‌ಬ್ರೇಕ್ ಮರೆತವಳು

ಗ್ಯಾರೇಜಿನಲ್ಲಿ ಎಲ್ಲರೂ ಅವನನ್ನು ಕರೆಯುತ್ತಿದ್ದುದು ಜಡ್ಜ್ ಸಾಹೇಬ್ರು ಎಂದು. ಗಾಲಿ ಬಿಚ್ಚುವ ಮೊದಲೇ ತೀರ್ಪು ಕೊಟ್ಟುಬಿಡುವ ಮೆಕ್ಯಾನಿಕ್‌ಗೆ ಇನ್ನೇನು ಹೆಸರಿಡುತ್ತಾರೆ? ಇಪ್ಪತ್ತೆರಡು ವರ್ಷ ಬ್ರೇಕಿನ ಕೆಲಸವೊಂದನ್ನೇ ಮಾಡಿದವನು. ಮನೆಮಂದಿಯೆಲ್ಲ ಓಡಾಡುವ ಕಾರೊಂದು ಬಂದು, ಹಿಂದಿನ ಗಾಲಿಯ ಬ್ರೇಕ್ ಪ್ಯಾಡು ಅವಧಿಗೆ ಮೊದಲೇ ಸವೆದಿದೆ ಎಂದರೆ ಸಾಕು, ಕೈ ಒರೆಸಿಕೊಳ್ಳುತ್ತಾ ಕೇಳುವನು: "ಮನೇಲಿ ಯಾರು ಓಡಿಸ್ತಾರೆ?" ಹೆಂಡತಿಯೋ ಮಗಳೋ ಎಂದು ಉತ್ತರ ಬಂದರೆ ಮುಗಿಯಿತು. "ಹ್ಯಾಂಡ್‌ಬ್ರೇಕ್ ಇಳಿಸೋದು ಮರೀತಾರೆ ಸಾರ್, ಹಂಗೇ ಓಡಿಸ್ಕೊಂಡು ಹೋಗ್ತಾರೆ." ಓಡಿಸುವವನು ಗಂಡಸೇ ಆದರೆ ರಸ್ತೆ ಸರಿಯಿಲ್ಲ ಎನ್ನುವನು.

ಹೊಸ ಪ್ಯಾಡು ಹಾಕುವಾಗ ಅವನದೊಂದು ಪದ್ಧತಿ ಇತ್ತು. ಪ್ಯಾಡುಗಳನ್ನು ಹಿಡಿದಿರುವ ಕ್ಯಾಲಿಪರ್ ಎರಡು ಪಿನ್ನುಗಳ ಮೇಲೆ ಆಚೀಚೆ ಜಾರಬೇಕು. ಜಾರಿದರೆ ಮಾತ್ರ ಒಳಗಿನ ಪ್ಯಾಡೂ ಹೊರಗಿನದೂ ಸಮನಾಗಿ ಕೆಲಸ ಮಾಡುತ್ತವೆ. ಆ ಪಿನ್ನುಗಳಲ್ಲೊಂದಕ್ಕೆ ರಬ್ಬರ್ ಬುಷ್, ಅಂದರೆ ಒಂದು ಪುಟ್ಟ ರಬ್ಬರ್ ಕವಚ, ಇರುತ್ತದೆ. ಅದಕ್ಕೆಂದೇ ಕಂಪನಿಯವರು ಕಳಿಸುವ ಬೇರೆ ಗ್ರೀಸಿನ ಪುಟ್ಟ ಟ್ಯೂಬು ಕಂಡರೆ ಅವನಿಗೆ ನಗು. "ಹಲ್ಲುಜ್ಜೋಕಾ ಇದು?" ಎಂದು ಬದಿಗಿಟ್ಟು, ಗಾಲಿಯ ಬೇರಿಂಗಿಗೆ ಬಳಿಯುವ ಕಂದು ಗ್ರೀಸನ್ನೇ ತೋರುಬೆರಳಲ್ಲಿ ತೆಗೆದು ಧಾರಾಳವಾಗಿ ಮೆತ್ತುವನು. ಅವನಿಗೆ ಕೆಲಸ ಕಲಿಸಿದವರೂ ಹಾಗೇ ಮೆತ್ತುತ್ತಿದ್ದರು.

ಅವನ ಹೆಂಡತಿಯೂ ಒಂದು ಕಾಲಕ್ಕೆ ಕಾರು ಓಡಿಸುತ್ತಿದ್ದಳು. ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ. ಬೆಳಗಿನ ಐದೂವರೆಗೆ ಹೊರಡಬೇಕು, ಆ ಹೊತ್ತಿಗೆ ಬಸ್ಸಿಲ್ಲ. ಒಂದೇ ವರ್ಷದಲ್ಲಿ ಎರಡು ಸಲ, ಇವನೇ ಹಾಕಿದ್ದ ಹಿಂದಿನ ಗಾಲಿಯ ಪ್ಯಾಡು ಸವೆಯಿತು. ಎರಡನೆಯ ಸಲ, ಅವಳ ಅಣ್ಣ ಅತ್ತಿಗೆ ಊಟಕ್ಕೆ ಕೂತಿದ್ದಾಗ, ಕಾಗದದಷ್ಟು ತೆಳ್ಳಗಾದ ಪ್ಯಾಡನ್ನು ತಂದು ಮೇಜಿನ ಮೇಲಿಟ್ಟು, "ನೋಡಿ ಭಾವ, ನಿಮ್ಮ ತಂಗಿ ಡ್ರೈವಿಂಗು" ಎಂದ. ಎಲ್ಲರೂ ಬಿದ್ದು ಬಿದ್ದು ನಕ್ಕರು.

"ದಿನಾ ಮುಟ್ಟಿ ನೋಡ್ತೀನ್ರೀ, ಇಳಿಸೇ ಇರ್ತೀನಿ" ಎಂದಳು ಅವಳು.

"ಮತ್ತೆ ಪ್ಯಾಡು ಸುಳ್ಳು ಹೇಳುತ್ತಾ?"

ಅಂದಿನಿಂದ ನೆಂಟರ ಬಾಯಲ್ಲಿ ಅವಳು ಹ್ಯಾಂಡ್‌ಬ್ರೇಕ್ ಮೇಡಂ ಆದಳು. ತಿಂಗಳೊಳಗೆ ಕೀಲಿಯನ್ನು ಅವನ ಕೈಗಿಟ್ಟಳು, ಸ್ವಲ್ಪ ದಿನಕ್ಕೆ ಕೆಲಸವನ್ನೂ ಬಿಟ್ಟಳು. ಬಸ್ಸಿಲ್ಲದ್ದಕ್ಕೆ ಬಿಟ್ಟಳು ಎಂದು ಇವನ ಲೆಕ್ಕ. ಒಂಬತ್ತು ವರ್ಷವಾಯಿತು. ಈಗಲೂ ಪಕ್ಕದ ಸೀಟಿನಲ್ಲಿ ಕೂತರೆ ಅವಳ ಕೈ ತಾನಾಗಿ ಹ್ಯಾಂಡ್‌ಬ್ರೇಕಿನ ಕಡೆ ಹೋಗುತ್ತದೆ. ಆಗೆಲ್ಲ "ಈಗ ಬಂತು ನೋಡು ಬುದ್ಧಿ" ಎಂದು ರೇಗಿಸದೆ ಬಿಟ್ಟವನಲ್ಲ ಈ ಮಹಾರಾಯ.

ಮೊನ್ನೆ ಶನಿವಾರ ವಿಜ್ಞಾನದ ಟೀಚರೊಬ್ಬರು ಕಾರು ತಂದರು. ಹೋದ ವರ್ಷ ಇವನೇ ಪ್ಯಾಡು ಹಾಕಿದ ಕಾರು. ತೀರ್ಪು ಹೊರಬಿತ್ತು. ಆಕೆ ನಗಲಿಲ್ಲ.

"ಹ್ಯಾಂಡ್‌ಬ್ರೇಕ್ ಎಳೆದಿಟ್ಟು ಓಡಿಸಿದ್ರೆ ಎರಡೂ ಪ್ಯಾಡು ಸವೀಬೇಕಲ್ವಾ? ಎರಡನ್ನೂ ತೋರಿಸಿ."

ಸವೆದದ್ದನ್ನಷ್ಟೇ ಗಿರಾಕಿಗೆ ತೋರಿಸಿ, ಅದರ ಜೋಡಿಯತ್ತ ಕಣ್ಣೂ ಹಾಯಿಸದೆ ಗುಜರಿ ಡಬ್ಬಕ್ಕೆ ಎಸೆಯುವುದು ಅವನ ರೂಢಿ. ಅಂದು ಎರಡನ್ನೂ ಬೆಂಚಿನ ಮೇಲೆ ಅಕ್ಕಪಕ್ಕ ಇಟ್ಟ. ಒಳಗಿನದು ಪೂರ್ತಿ ಸವೆದಿತ್ತು. ಹೊರಗಿನದು ಹೆಚ್ಚುಕಡಿಮೆ ಹೊಸದು. ಪಿನ್ನು ಎಳೆದ, ಬರಲಿಲ್ಲ. ಸುತ್ತಿಗೆಯಲ್ಲಿ ಬಡಿದು ತೆಗೆದ. ರಬ್ಬರ್ ಬುಷ್ ಅವನು ಮೆತ್ತಿದ್ದ ಗ್ರೀಸು ಕುಡಿದು, ನೆನೆಸಿಟ್ಟ ಕಡಲೆಯ ಹಾಗೆ ಉಬ್ಬಿಕೊಂಡಿತ್ತು. ಪಿನ್ನು ಅಲ್ಲೇ ಕಚ್ಚಿಕೊಂಡು, ಕ್ಯಾಲಿಪರ್ ಜಾರದೆ, ಒಂದು ಪ್ಯಾಡೇ ಎಲ್ಲ ಭಾರ ಹೊತ್ತಿತ್ತು.

"ತಪ್ಪು ನಿಮ್ಮದಲ್ಲ ಮೇಡಂ" ಎಂದು ಉಬ್ಬಿದ ಬುಷ್ಷನ್ನು ಆಕೆಗೆ ತೋರಿಸಿದ.

ಆಕೆ ಹೋದ ಮೇಲೆ ಗುಜರಿ ಡಬ್ಬ ಬೋರಲು ಹಾಕಿ ಜೋಡಿ ಹುಡುಕಿದ. ಒಂದು ತೆಳ್ಳಗೆ, ಒಂದು ದಪ್ಪ. ಮತ್ತೂ ಒಂದು ತೆಳ್ಳಗೆ, ಒಂದು ದಪ್ಪ. ಎಷ್ಟು ಮನೆಗಳಲ್ಲಿ ಎಷ್ಟು ಹೆಣ್ಣುಮಕ್ಕಳು ಸುಮ್ಮಸುಮ್ಮನೆ ಬೈಸಿಕೊಂಡರೋ! ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಅವರನ್ನೆಲ್ಲ ಎಲ್ಲಿಂದ ಹುಡುಕಿ ತರುವುದು? ಮನೆಯವಳೊಬ್ಬಳು ಮತ್ತೆ ಕಾರು ಓಡಿಸಿದರೆ ಸಾಕು, ಅದೊಂದಾದರೂ ಸರಿಹೋದೀತು ಎಂದುಕೊಂಡ.

ಸಂಜೆ ಅವಳು ಹೊಲಿಗೆ ಯಂತ್ರದ ಮುಂದೆ ಯಾರದೋ ಪ್ಯಾಂಟಿನ ಅಂಚು ಬಿಚ್ಚುತ್ತಿದ್ದಳು. ಅವನು ಒಂದು ಜೋಡಿ ಪ್ಯಾಡನ್ನು ಎದುರಿಗಿಟ್ಟು ಎಲ್ಲವನ್ನೂ ಹೇಳಿದ. "ನನ್ನ ಗ್ರೀಸಿಂದ ಕಣೇ. ನೀನು ಮರೆತೇ ಇರಲಿಲ್ಲ."

ಅವಳು ಪ್ಯಾಡುಗಳನ್ನು ಮುಟ್ಟಲಿಲ್ಲ.

"ನಾನು ಮರೀತಿದ್ದೆ ಅಂತಲೇ ನಂಬಿಬಿಟ್ಟಿದ್ದೆ ಕಣ್ರೀ" ಎಂದಳು. "ಆಮೇಲೆ ಗ್ಯಾಸ್ ಆಫ್ ಮಾಡಿದ್ನಾ, ಬಾಗಿಲು ಹಾಕಿದ್ನಾ, ಎಲ್ಲದಕ್ಕೂ ಅನುಮಾನ. ಲ್ಯಾಬಲ್ಲಿ ರಕ್ತದ ಬಾಟ್ಲಿ ಮೇಲೆ ಹೆಸರು ಸರಿಯಾಗಿ ಬರೆದಿದೀನಾ ಅಂತ ಹತ್ತತ್ತು ಸಲ ನೋಡ್ತಿದ್ದೆ. ಯಾರದೋ ಜೀವಕ್ಕೆ ಕುತ್ತು ತಂದುಬಿಟ್ರೆ? ಅದಕ್ಕೇ ಬಿಟ್ಟಿದ್ದು ಕೆಲಸ. ಬಸ್ಸಿಗಲ್ಲ."

ಅವನು ಕೀಲಿ ತಂದು ಅವಳ ಕೈಗಿಟ್ಟು, "ಒಂದು ಸಲ, ಬೀದಿ ಕೊನೇವರೆಗೆ" ಎಂದು ಬೇಡಿಕೊಂಡ.

ಅವಳು ಬಂದು ಸ್ಟಿಯರಿಂಗ್ ಮುಂದೆ ಕೂತಳು, ಅವನು ಪಕ್ಕದ ಸೀಟಿನಲ್ಲಿ. ಎಂಜಿನ್ ಚಾಲೂ ಮಾಡಿದಳು, ಹ್ಯಾಂಡ್‌ಬ್ರೇಕ್ ಇಳಿಸಿದಳು. ಮತ್ತೆ ಒತ್ತಿ ನೋಡಿದಳು. ಇನ್ನೊಮ್ಮೆ ಒತ್ತಿದಳು.

"ಇಳಿದಿದೆಯೇನ್ರೀ?"

"ಇಳಿದಿದೆ ಕಣೇ."

"ಸರಿಯಾಗಿ ಮುಟ್ಟಿ ನೋಡಿ ಹೇಳಿ."

ಅವನು ಮುಟ್ಟಿ ನೋಡಿ, ಇಳಿದಿದೆ ಎಂದ. ಅವಳು ಅವನ ಮುಖವನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ ಎಂಜಿನ್ ಆರಿಸಿ, ಹ್ಯಾಂಡ್‌ಬ್ರೇಕನ್ನು ಬಿಗಿಯಾಗಿ ಎಳೆದು, ಕೀಲಿಯನ್ನು ಅವನ ತೊಡೆಯ ಮೇಲಿಟ್ಟಳು.

"ಮರೀತೀಯ ಅಂತ ನೀವು ಅಂದಾಗ ನಾನು ಎಷ್ಟು ಬೇಗ ನಂಬಿಬಿಟ್ಟೆ" ಎಂದಳು. "ಈಗ ಮರೆತಿಲ್ಲ ಅಂತೀರಾ, ನಂಬೋಕೇ ಆಗ್ತಿಲ್ಲ."