ಐತಾಳರ ಕಾರಿನ ಎಡಬಾಗಿಲು

೨೦೦೭ರಲ್ಲಿ ನಾನು ದೆಹಲಿಯ ಕರೋಲ್ ಬಾಗ್‌ನ ಒಂದು ಖಾಸಗಿ ಗ್ಯಾರೇಜಿನಲ್ಲಿ ಸರ್ವಿಸ್ ಅಡ್ವೈಸರ್ ಆಗಿದ್ದೆ. ಹೆಸರು ಕೇಳಲು ದೊಡ್ಡದು. ಕಾರಿನ ಮಾಲೀಕರು ಹೇಳಿದ ದೂರನ್ನು ಮೆಕ್ಯಾನಿಕ್‌ಗಳಿಗೆ ಅರ್ಥವಾಗುವಂತೆ ಹೇಳುವುದು, ಆಮೇಲೆ ಮೆಕ್ಯಾನಿಕ್‌ಗಳು ಹೇಳಿದ್ದನ್ನು ಮಾಲೀಕರಿಗೆ ಸಿಟ್ಟು ಬರದಂತೆ ಹೇಳುವುದು, ಇಷ್ಟೇ ಕೆಲಸ. ಹುಬ್ಬಳ್ಳಿಯಲ್ಲಿ ಆಟೊಮೊಬೈಲ್ ಡಿಪ್ಲೊಮಾ ಮಾಡಿದ್ದೆ. ಎಂಜಿನ್ ಬಗ್ಗೆ ನನಗೆ ಗೊತ್ತಿದ್ದದ್ದು ಪರೀಕ್ಷೆ ಪಾಸಾಗುವಷ್ಟು, ಅದೂ ಎರಡನೇ ಸಲಕ್ಕೆ.

ಕೆಲಸ ಸಿಕ್ಕಿದ್ದು ಬಾಯಿಂದ. ಸಂದರ್ಶನದ ದಿನ ಗ್ಯಾರೇಜಿನ ಧಣಿ ಮಲಿಕ್ ಸಾಹೇಬರು, ವರ್ಷಪೂರ್ತಿ ನೆಗಡಿಯಿರುವ ಮನುಷ್ಯ, ‘ನಿನಗೇನು ಬರುತ್ತೆ?’ ಎಂದು ಮೂಗಿನಲ್ಲೇ ಕೇಳಿದರು. ಅದೇ ಗಳಿಗೆಗೆ ಹಿತ್ತಲಲ್ಲಿ ಜನರೇಟರ್ ಕೆಮ್ಮಿ ನಿಂತಿತು. ನಾನು ಆ ಕೆಮ್ಮನ್ನು ಹಾಗೇ ಮಾಡಿ ತೋರಿಸಿದೆ. ಅವರು ನಗುತ್ತ ನಾಳೆಯಿಂದಲೇ ಬಾ ಎಂದರು. ಮರುವಾರ ಅವರ ಮೂಗಿನ ದನಿಯನ್ನೂ ಕಲಿತೆ. ಅದನ್ನು ಅವರೆದುರು ಮಾಡುವಷ್ಟು ದಡ್ಡ ನಾನಲ್ಲ ಎಂದುಕೊಂಡಿದ್ದೆ, ಆದರೆ ಆಗಿದ್ದೆ. ಅದರ ದಂಡ, ಆ ತಿಂಗಳು ಗ್ಯಾರೇಜಿನವರೆಲ್ಲರ ಚಹಾ ನನ್ನ ಜೇಬಿನದು.

ಹಳೆಯ ಕಾರುಗಳ ವ್ಯವಹಾರದಲ್ಲಿ ಮಿಮಿಕ್ರಿ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಕಾಯಿಲೆ ಯಾವುದೆಂದು ಮಾಲೀಕನಿಗೆ ಗೊತ್ತಿರುವುದಿಲ್ಲ, ಶಬ್ದ ಗೊತ್ತಿರುತ್ತದೆ. ಒಬ್ಬ ‘ಟಕ್ ಟಕ್’ ಎನ್ನುತ್ತಾನೆ, ಇನ್ನೊಬ್ಬ ನಾಚಿಕೊಂಡು ‘ಒಂಥರಾ ಗುರ್ ಅಂತದೆ’ ಎಂದು ಸುಮ್ಮನಾಗುತ್ತಾನೆ. ನಾನು ಕಾರಿನಲ್ಲಿ ಒಂದು ಸುತ್ತು ಹೋಗಿ ಬಂದು, ವೆಲ್ಡರ್ ಯಾಸೀನ್ ಭಾಯಿಯ ಮುಂದೆ ಅದನ್ನು ಬಾಯಲ್ಲಿ ನುಡಿಸುತ್ತಿದ್ದೆ. ಅವರು ಬೀಡಿ ತೆಗೆಯದೆ ‘ಬುಷ್’ ಅಥವಾ ‘ಬೇರಿಂಗ್’ ಎನ್ನುತ್ತಿದ್ದರು. ಅರ್ಧದಷ್ಟು ಸಲ ಅದು ಸರಿಯಿರುತ್ತಿತ್ತು. ಉಳಿದರ್ಧಕ್ಕೆ ನನ್ನ ಬಾಯಿಯೇ ಕಾರಣವೆಂದು ಅವರ ವಾದ.

ಸದಾನಂದ ಐತಾಳರು ನಮ್ಮ ಹಳೆಯ ಗಿರಾಕಿ. ಕುಂದಾಪುರದ ಕಡೆಯವರು. ಗ್ಯಾರೇಜಿನಿಂದ ಎರಡು ಗಲ್ಲಿ ಆಚೆ ಅವರ ಇಡ್ಲಿ-ದೋಸೆ ಹೋಟೆಲು, ಮನೆ ಯಮುನೆಯ ಆಚೆ ಲಕ್ಷ್ಮೀ ನಗರದಲ್ಲಿ. ಅವರದ್ದು ೧೯೮೭ರ ಪದ್ಮಿನಿ. ಚೌಕಾಕಾರದ, ಬೆಣ್ಣೆ ಬಣ್ಣದ, ಸ್ಟಿಯರಿಂಗ್ ಪಕ್ಕದಲ್ಲಿ ಗೇರು ಇರುವ ಕಾರು. ಹೊಸ ಖಾಸಗಿ ಕಾರಿಗೆ ರಿಜಿಸ್ಟ್ರೇಷನ್ ಹದಿನೈದು ವರ್ಷ ನಡೆಯುತ್ತದೆ. ಆಮೇಲೆ ಐದೈದು ವರ್ಷಕ್ಕೊಮ್ಮೆ ಇನ್ಸ್‌ಪೆಕ್ಟರ್ ನೋಡಿ ಫಿಟ್ ಎಂದರೆ ಮಾತ್ರ ಮುಂದುವರಿಕೆ. ಒಂದು ಸಲ ದಾಟಿದ್ದ ಕಾರಿಗೆ ಈಗ ಎರಡನೇ ಪರೀಕ್ಷೆ.

ದಾಟಲೇಬೇಕಾಗಿತ್ತು. ಕಾರಣ ಐತಾಳರ ಹೆಂಡತಿ ಗಿರಿಜಕ್ಕ. ಸಂಧಿವಾತದಿಂದ ಅವರ ಸೊಂಟ, ಮಂಡಿ ಎರಡೂ ಮಡಚುತ್ತಿರಲಿಲ್ಲ. ಆಟೋ ಏರಲಾಗದು, ಬಸ್ಸಿನ ಮಾತೇ ಬೇಡ, ಮೆಟ್ರೋ ಇನ್ನೂ ಲಕ್ಷ್ಮೀ ನಗರಕ್ಕೆ ಬಂದಿರಲಿಲ್ಲ. ಪದ್ಮಿನಿಯ ಮುಂದಿನ ಸೀಟು ಮಾತ್ರ ಒಂದೇ ಉದ್ದನೆಯ ಬೆಂಚು, ಸರಿಯಾಗಿ ಕುರ್ಚಿಯ ಎತ್ತರ. ಅವರು ಬಾಗಿಲಿಗೆ ಬೆನ್ನು ಮಾಡಿ ಕೂರುವುದು, ಐತಾಳರು ಕಾಲುಗಳನ್ನೆತ್ತಿ ಒಳಗಿಡುವುದು, ಅವರು ಒಳಕ್ಕೆ ಜರುಗುವುದು. ಹೀಗೆ ದಿನಾ ಬೆಳಿಗ್ಗೆ ಹೋಟೆಲಿಗೆ ಬಂದು ಕ್ಯಾಶ್ ಕೌಂಟರಿನಲ್ಲಿ ಕೂರುತ್ತಿದ್ದರು. ಕಾರು ನಿಂತರೆ ಅವರು ಮನೆಯಲ್ಲಿ, ಗೋಡೆ ನೋಡಿಕೊಂಡು. ಇದು ಅವರಿಬ್ಬರಿಗೂ ನನಗೂ ಗೊತ್ತಿತ್ತು, ಆದ್ದರಿಂದ ಯಾರೂ ಆಡುತ್ತಿರಲಿಲ್ಲ.

ಆ ಬೆಳಿಗ್ಗೆ ಐತಾಳರು ಎಂದಿನಂತೆ ಎಲ್ಲ ಸರಿಯಿದೆ, ಎಡಬಾಗಿಲು ಮಾತ್ರ ಸ್ವಲ್ಪ ಕೂಗ್ತದೆ ಎಂದರು. ಗಿರಿಜಕ್ಕ ಕಾರಿನಿಂದ ಇಳಿಯಲಿಲ್ಲ. ಗ್ಯಾರೇಜಿಗೆ ಬಂದಾಗ ಇಳಿಯುವ ರೂಢಿಯೇ ಇರಲಿಲ್ಲ, ಅವರನ್ನು ಕೂರಿಸಿಕೊಂಡೇ ಎಣ್ಣೆ ಬದಲಾಯಿಸುತ್ತಿದ್ದೆವು. ಕಿಟಕಿಯಿಂದ ನನ್ನನ್ನು ಕರೆದು, ‘ಮಾಣಿ, ಇವರು ನಿನ್ನೆ ಹಾಲಿನವನ ಹತ್ರ ಜಗಳಾಡಿದ್ದು ಮಾಡಿ ತೋರ್ಸು’ ಎಂದರು. ನಾನು ಆ ಜಗಳ ನೋಡಿರಲಿಲ್ಲ. ಆದರೂ ಮಾಡಿದೆ. ಐತಾಳರು ಹಿಂದಿ ಮಾತಾಡಿದರೆ ಕ್ರಿಯಾಪದ ಕುಂದಾಪುರದ್ದೇ ಇರುತ್ತಿತ್ತು, ಅಷ್ಟು ಸಾಕು. ಗಿರಿಜಕ್ಕ ನಕ್ಕರು.

‘ನನ್ನ ಮಂಡಿ ಇಷ್ಟು ವರ್ಷದಿಂದ ಕೂಗ್ತಾ ಉಂಟು, ಇವರಿಗೆ ಕೇಳ್ಸೂದಿಲ್ಲ. ಬಾಗಿಲಿಗೆ ಮಾತ್ರ ಡಾಕ್ಟರ್ ಬೇಕು.’

‘ಮಂಡಿಗೆ ಸ್ಪೇರ್ ಸಿಕ್ಕೂದಿಲ್ವೇ ಮಾರಾಯ್ತಿ’ ಎಂದರು ಐತಾಳರು.

ನಾನು ‘ಕ್ರೀಂಯ್’ ಎಂದು ಬಾಗಿಲನ್ನು ನುಡಿಸಿದೆ. ಯಾಸೀನ್ ಭಾಯಿ ‘ಕಬ್ಜಾ’ ಎಂದರು, ಅಂದರೆ ಹಿಂಜ್. ಪಿನ್ನು ಬದಲಾಯಿಸಿದ್ದಾಯಿತು. ದನಿ ಹೋಗಲಿಲ್ಲ. ಐತಾಳರನ್ನು ವಿಚಾರಿಸಿದಾಗ ಗೊತ್ತಾಯಿತು: ಸೀಟು ಖಾಲಿಯಿದ್ದರೆ ಬಾಗಿಲು ಸುಮ್ಮನಿರುತ್ತಿತ್ತು, ಅಕ್ಕ ಕೂತರೆ ಮಾತ್ರ ಕೂಗುತ್ತಿತ್ತು. ಇದನ್ನು ಗಿರಿಜಕ್ಕನಿಗೆ ನಯವಾಗಿ ಹೇಳಲು ನಾನು ಮೂರು ವಾಕ್ಯ ತಯಾರು ಮಾಡುತ್ತಿದ್ದಾಗ ಅವರೇ, ‘ನನ್ನ ತೂಕ ಅಂತ ಬಾಯಿ ಬಿಟ್ಟರೆ ಇವತ್ತಿಂದ ನಿಂಗೆ ಕಾಫಿ ಇಲ್ಲ’ ಎಂದರು.

ಸಸ್ಪೆನ್ಷನ್ ನೋಡೋಣ ಎಂದು ಎಡಬದಿಯ ಅಡಿಗೆ ಜ್ಯಾಕ್ ಕೊಟ್ಟೆವು. ಯಾಸೀನ್ ಭಾಯಿ ತಿರುಗಿಸಿದರು. ಜ್ಯಾಕ್ ಮೇಲೆ ಹೋಯಿತು, ಕಾರು ಹೋಗಲಿಲ್ಲ. ಇನ್ನೆರಡು ಸುತ್ತು ತಿರುಗಿಸಿದರು. ಒಳಗಿನಿಂದ ಗಿರಿಜಕ್ಕನ ದನಿ ಕೇಳಿತು, ಗಾಬರಿಯಿಲ್ಲದ ದನಿ.

‘ಮಾಣಿ, ಇಲ್ಲಿ ಕಾಲಡಿಗೆ ಎಂತದೋ ಉಬ್ತಾ ಉಂಟು.’

ಬಾಗಿ ನೋಡಿದರೆ ರಬ್ಬರ್ ಮ್ಯಾಟು ಬಾಣಲೆಯ ಪೂರಿಯಂತೆ ಉಬ್ಬಿ ನಿಂತಿತ್ತು. ಜ್ಯಾಕು ಕಾರಿನ ತಳ ತೂರಿ ಒಳಗೆ ಬಂದಿತ್ತು.

ಅವರನ್ನು ಇಳಿಸಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿದೆವು. ಮ್ಯಾಟು ಎತ್ತಿದ ಕೂಡಲೇ ಒಂದು ವಾಸನೆ ಬಂತು. ಇಲಿ ಸತ್ತಿದೆ ಎಂದರು ಯಾಸೀನ್ ಭಾಯಿ. ನನಗೂ ಐತಾಳರಿಗೂ ತಕ್ಷಣ ಗೊತ್ತಾಯಿತು, ಆದರೆ ಒಬ್ಬರನ್ನೊಬ್ಬರು ನೋಡಲಿಲ್ಲ. ಅದು ಹುಳಿ ಬಂದ ದೋಸೆಹಿಟ್ಟಿನ ವಾಸನೆ.

ಹೋಟೆಲಿನ ಅಡುಗೆಮನೆ ಇಕ್ಕಟ್ಟು. ಗ್ರೈಂಡರ್ ಇದ್ದದ್ದು ಲಕ್ಷ್ಮೀ ನಗರದ ಮನೆಯಲ್ಲಿ. ರುಬ್ಬಿ, ಉಪ್ಪು ಹಾಕಿ, ಬೆಳಿಗ್ಗೆ ಹಿಟ್ಟಿನ ಡ್ರಮ್ಮನ್ನು ಗಿರಿಜಕ್ಕನ ಸೀಟಿನ ಹಿಂದೆ ಇಟ್ಟುಕೊಂಡು ಬರುತ್ತಿದ್ದರು. ದೆಹಲಿಯ ಜೂನ್ ತಿಂಗಳಲ್ಲಿ ಹಿಟ್ಟು ಸೇತುವೆ ದಾಟುವಷ್ಟರಲ್ಲಿ ಉಬ್ಬಿ ಮುಚ್ಚಳ ಎತ್ತುತ್ತದೆ. ಚೆಲ್ಲಿದ್ದು ಸೀಟಿನಡಿಯಿಂದ ಮುಂದಕ್ಕೆ ಹರಿಯುತ್ತಿತ್ತು. ಐತಾಳರು ಶುಚಿಯ ಮನುಷ್ಯ. ಪ್ರತಿ ಸಲವೂ ಬಕೆಟ್ಟು ನೀರು ಹೊಯ್ದು ತೊಳೆದು, ಮೇಲೆ ಮ್ಯಾಟು ಹಾಸಿಬಿಡುತ್ತಿದ್ದರು. ಹುಳಿ, ಉಪ್ಪು, ನೀರು, ಮೇಲೊಂದು ರಬ್ಬರಿನ ಮುಚ್ಚಳ. ಕಬ್ಬಿಣ ತುಕ್ಕು ಹಿಡಿಯಲು ಇನ್ನೇನು ಬೇಕು?

ಅಡಿಯಿಂದ ಯಾರಿಗೂ ಕಾಣದಿದ್ದದ್ದು ಅವರ ಇನ್ನೊಂದು ಶಿಸ್ತಿನಿಂದ. ಊರಲ್ಲಿ ದೋಣಿಯ ಅಡಿಗೆ ಗೇರೆಣ್ಣೆ ಬಳಿಯುವ ಹಾಗೆ, ಪ್ರತಿ ಮಳೆಗಾಲಕ್ಕೆ ಮುಂಚೆ ತಾವೇ ಕಾರಿನಡಿ ಮಲಗಿ ಡಾಂಬರು ಬಳಿಯುತ್ತಿದ್ದರು. ತುಕ್ಕು ಹೊರಗಿನಿಂದ ಬರುತ್ತದೆ ಎಂಬುದು ಕಡಲ ದಂಡೆಯವರ ನಂಬಿಕೆ. ಅಲ್ಲಿ ಅದು ನಿಜ ಕೂಡ. ಯಾಸೀನ್ ಭಾಯಿ ಡಾಂಬರನ್ನು ಕೆರೆಯುತ್ತ ಹೋದರು. ಹೊಟ್ಟಿನಂಥ ಕೆಂಪು ಪುಡಿ ಸುರಿಯಿತು. ಕೊನೆಗೆ ನನ್ನನ್ನು ಕರೆದು, ‘ಇಸ್‌ಮೇಂ ಲೋಹಾ ಹೈ ಹೀ ನಹೀಂ’ ಎಂದರು. ಕಬ್ಬಿಣವೇ ಇಲ್ಲ. ಇಷ್ಟು ಕಾಲ ಗಿರಿಜಕ್ಕ ಕೂತಿದ್ದು ಡಾಂಬರಿನ ಮೇಲೆ.

ಲಾರಿಯಂತೆ ಇದಕ್ಕೆ ಬೇರೆ ಚಾಸಿಸ್ ಇರುವುದಿಲ್ಲ. ಮಾನೋಕಾಕ್ ಎನ್ನುತ್ತಾರೆ, ತಳ, ಕಂಬ, ಚಾವಣಿ ಸೇರಿಯೇ ಅಸ್ಥಿಪಂಜರ. ತಳ ಹೋದರೆ ಬಾಗಿಲ ಕಂಬ ಕುಸಿಯುತ್ತದೆ, ಬಾಗಿಲು ಉಜ್ಜುತ್ತದೆ. ನಾನು ಅಷ್ಟು ಚೆನ್ನಾಗಿ ಅಣಕಿಸಿದ ‘ಕ್ರೀಂಯ್’ ಅದೇ.

ಮೊದಲ ಕಷ್ಟ, ಅಕ್ಕನನ್ನು ಮನೆಗೆ ತಲುಪಿಸುವುದು. ಗ್ಯಾರೇಜಿನಲ್ಲಿ ನಿಂತಿದ್ದ ಕಾರುಗಳ ಮಾಲೀಕರನ್ನು ಕೇಳಿ ಒಂದೊಂದರಲ್ಲೂ ಕೂರಿಸಿ ನೋಡಿದೆವು. ಸಣ್ಣ ಕಾರಿನಲ್ಲಿ ಸೀಟು ತೀರ ಕೆಳಗೆ. ಕೂತರು, ಕಾಲು ಹೊರಗೇ ಉಳಿಯಿತು. ಜೀಪಿನಂಥದ್ದು ಎದೆಯೆತ್ತರ. ವ್ಯಾನಿನಲ್ಲಿ ಸ್ಟೂಲು ಇಟ್ಟು ಹತ್ತಿಸಿದೆವು, ಬಾಗಿಲ ಚೌಕಟ್ಟಿಗೆ ತಲೆ ಬಗ್ಗಿಸಲಾಗದೆ ಇಳಿಸಿದೆವು. ನಗಿಸಲೆಂದು ನಾನು ಪ್ರತಿ ಕಾರಿನ ಬಾಗಿಲ ದನಿ ಮಾಡುತ್ತಿದ್ದೆ. ಮೂರನೆಯದಕ್ಕೆ ಗಿರಿಜಕ್ಕ ‘ಸಾಕು ಮಾಣಿ’ ಎಂದರು. ಅವರ ಹಣೆ ಬೆವರಿತ್ತು, ತುಟಿ ಬಿಗಿದಿತ್ತು.

ಕೊನೆಗೆ ನಮ್ಮ ಬಿಡಿಭಾಗ ಸಾಗಿಸುವ ಟೆಂಪೋದ ಹಿಂಬದಿಗೆ ಅವರನ್ನು ಕುರ್ಚಿಸಮೇತ ನಾಲ್ಕು ಜನ ಎತ್ತಿ ಇಟ್ಟು, ಕುರ್ಚಿಯನ್ನು ಹಗ್ಗದಿಂದ ಬಿಗಿದೆವು. ಒಂದು ಕಡೆ ಐತಾಳರು, ಇನ್ನೊಂದು ಕಡೆ ನಾನು. ಸೇತುವೆಯ ಮೇಲೆ ಟ್ರಾಫಿಕ್ ನಿಂತಾಗ ಪಕ್ಕದ ಬಸ್ಸಿನವರೆಲ್ಲ ಕಿಟಕಿಗೆ ಬಂದರು. ಗಿರಿಜಕ್ಕ ಸೆರಗು ಸರಿಮಾಡಿಕೊಂಡು ನದಿಯ ಕಡೆ ನೋಡಿದರು.

‘ಇಷ್ಟು ವರ್ಷ ದಾಟಿದೆ, ಸರಿಯಾಗಿ ಕಂಡದ್ದು ಇವತ್ತೇ. ಕಾಣದೆ ಇದ್ದದ್ದೇ ಒಳ್ಳೇದಿತ್ತು. ಎಂಥ ಕೊಳಕು ನೀರು.’

ಐತಾಳರು ಕುರ್ಚಿಯ ಹಗ್ಗವನ್ನು ಇನ್ನೊಂದು ಸಲ ಬಿಗಿದರು. ಅವರ ಉಗುರುಸಂದಿಯಲ್ಲಿ ಡಾಂಬರು ಇತ್ತು.

ಮುಂದಿನ ವಾರಗಳು ಸೋಲಿನವು. ಮಾಯಾಪುರಿಯ ಗುಜರಿಯಲ್ಲಿ ಬೇರೆ ಪದ್ಮಿನಿಯ ತಳ ಸಿಗಬಹುದೆಂದು ನಾನೂ ಐತಾಳರೂ ಅಲೆದೆವು. ಸಿಕ್ಕಿದ ಒಂದೆರಡು ನಮ್ಮದಕ್ಕಿಂತ ಕಡೆ. ‘ಭಯ್ಯಾ, ಈ ಗಾಡಿ ಹುಡುಕುವವರು ನಿಮ್ಮನ್ನು ಬಿಟ್ಟರೆ ಯಾರೂ ಇಲ್ಲ’ ಎಂದ ಒಬ್ಬ ವ್ಯಾಪಾರಿ. ಅದನ್ನೇ ಐತಾಳರು ಗೌರವವೆಂದು ತಿಳಿದರು. ಆಮೇಲೆ ಹೊಸ ತಗಡು ಕತ್ತರಿಸಿ ಬೆಸೆಯಲು ನೋಡಿದೆವು. ವೆಲ್ಡಿಂಗ್ ಹಿಡಿಯಬೇಕಾದರೆ ಅಂಚಿನಲ್ಲಾದರೂ ಗಟ್ಟಿ ಕಬ್ಬಿಣ ಬೇಕು. ಯಾಸೀನ್ ಭಾಯಿ ಒಂದು ತೂತು ಮುಚ್ಚಿದರೆ ಪಕ್ಕದಲ್ಲಿ ಅದಕ್ಕಿಂತ ದೊಡ್ಡದು ಬೀಳುತ್ತಿತ್ತು. ಹಳೆಯ ಸೀರೆಗೆ ತೇಪೆ ಹಾಕಿದ ಹಾಗೆ. ಅಷ್ಟಾದರೂ ತಳವೆಂಬುದೊಂದು ನೋಡಲು ಬಂತು. ಮೇಲೆ ನಿಂತರೆ ತಗ್ಗುತ್ತಿತ್ತು.

ಐತಾಳರು ಬಂದು ನೋಡಿದರು. ಸ್ವಲ್ಪ ಹೊತ್ತು ಕಾರಿನ ಸುತ್ತ ನಡೆದು, ಮೇಲಿಂದ ಡಾಂಬರು ಎಳೆದುಬಿಡಿ ಎಂದರು. ಇನ್ಸ್‌ಪೆಕ್ಟರ್ ದೀಪ, ಹಾರ್ನು, ಬ್ರೇಕು ನೋಡುತ್ತಾನೆ, ಅಡಿಗೆ ಬಗ್ಗಿ ನೋಡುವುದಿಲ್ಲ ಎಂಬುದು ಅವರ ಲೆಕ್ಕ. ತಪ್ಪೇನಲ್ಲ. ಗಾಡಿ ಅವರದು, ಇಷ್ಟ ಅವರದು ಎಂದರು ಮಲಿಕ್ ಸಾಹೇಬರು. ಯಾಸೀನ್ ಭಾಯಿ ಬೀಡಿ ಹಚ್ಚಿಕೊಂಡು ಆಚೆ ಹೋದರು.

ಐತಾಳರು ನನ್ನ ತೋಳು ಹಿಡಿದು, ‘ನಾನು ಹೇಳಿದ್ರೆ ಅವಳು ನಂಬೂದಿಲ್ಲ. ನೀನೇ ಬಂದು ಹೇಳು, ಗಟ್ಟಿ ಆಯ್ತು ಅಂತ’ ಎಂದರು.

ಆ ಸಂಜೆ ಲಕ್ಷ್ಮೀ ನಗರಕ್ಕೆ ಹೋದೆ. ಕೋಚಿಂಗ್ ಕ್ಲಾಸುಗಳ ಬೋರ್ಡುಗಳ ನಡುವೆ ನೆಲಮಹಡಿಯ ಮನೆ. ಗಿರಿಜಕ್ಕ ಕಿಟಕಿ ಪಕ್ಕದ ಮರದ ಕುರ್ಚಿಯಲ್ಲಿದ್ದರು. ಹೋಟೆಲಿಗೆ ಹೋಗದೆ ತಿಂಗಳಾಗಿತ್ತು. ಕೌಂಟರಿನಲ್ಲಿ ಗಂಡ ಚಿಲ್ಲರೆ ಕೊಡುವಾಗ ಗಿರಾಕಿಯ ಮುಖ ನೋಡುತ್ತಾರೋ ಇಲ್ಲವೋ ಎಂದು ಕೇಳಿದರು. ಆಮೇಲೆ ಕಾರಿನ ವಿಷಯ ಕೇಳಿದರು.

ನಾನು ಮಲಿಕ್ ಸಾಹೇಬರ ಮೂಗಿನ ದನಿ ತೆಗೆದು, ‘ದೇಖಿಯೇ ಮ್ಯಾಡಮ್, ಗಾಡಿ ಏಕ್‌ದಮ್ ಫಸ್ಟ್ ಕ್ಲಾಸ್’ ಎಂದು ಶುರು ಮಾಡಿದೆ. ಐತಾಳರು ನಕ್ಕರು, ಬೇಕಾದ್ದಕ್ಕಿಂತ ಜೋರಾಗಿ. ಗಿರಿಜಕ್ಕ ನಗಲಿಲ್ಲ.

‘ಅವರ ದನಿ ಬೇಡ. ನಿನ್ನ ಊರ ಮಾತಲ್ಲಿ ಹೇಳು. ನಿನ್ನ ಅಬ್ಬೆಯನ್ನು ಅದರಲ್ಲಿ ಕೂರಿಸ್ತಿದ್ಯಾ?’

ದೆಹಲಿಗೆ ಬಂದ ಮೇಲೆ ನನ್ನ ಮಾತನ್ನು ನಾನು ಆಡಿದ್ದೇ ಕಡಿಮೆ. ಮೆಕ್ಯಾನಿಕ್ಕಿನದು, ಧಣಿಯದು, ಐತಾಳರದು, ಜನರೇಟರಿನದು ಎಲ್ಲ ಬಾಯಲ್ಲಿತ್ತು. ಇದಕ್ಕಾಗಿ ತಡಕಾಡಬೇಕಾಯಿತು.

‘ಇಲ್ರಿ ಅಕ್ಕಾ. ನೀವೂ ಕೂಡಬ್ಯಾಡ್ರಿ.’

ಐತಾಳರು ಎದ್ದು ಒಳಗೆ ಹೋದರು. ಅಡುಗೆಮನೆಯಲ್ಲಿ ನಲ್ಲಿ ತಿರುವಿದ ಸದ್ದು, ಬಹಳ ಹೊತ್ತು ನೀರು ಸುರಿದ ಸದ್ದು. ಗಿರಿಜಕ್ಕ ‘ಹ್ಞಾ, ಆಯ್ತು’ ಎಂದರು, ಹೋಟೆಲಿನಲ್ಲಿ ಇಡ್ಲಿ ಖಾಲಿ ಎಂದರೆ ಹೇಳುವಂತೆ. ಕಾಫಿ ಕುಡಿದು ಹೋಗು ಎಂದರು. ಕುಡಿದೆ.

ಕಾರು ಪರೀಕ್ಷೆಗೆ ಹೋಗಲಿಲ್ಲ. ಗುಜರಿಯವರು ಬಂದ ದಿನ ಐತಾಳರು ಮುಂದಿನ ಬೆಂಚು ಸೀಟನ್ನು ಮಾತ್ರ ಬಿಚ್ಚಿಸಿಕೊಂಡರು. ಯಾಸೀನ್ ಭಾಯಿ ಅದಕ್ಕೆ ನಾಲ್ಕು ಕಾಲು ಬೆಸೆದರು. ಗಟ್ಟಿ ಕಬ್ಬಿಣಕ್ಕೆ ವೆಲ್ಡಿಂಗ್ ಎಷ್ಟು ಸಲೀಸಾಗಿ ಹಿಡಿಯುತ್ತದೆ ಎಂದು ಅವತ್ತು ನೋಡಿದೆ. ಸೀಟು ಲಕ್ಷ್ಮೀ ನಗರದ ಕಿಟಕಿಯ ಪಕ್ಕ ಕೂತಿತು. ಗಿರಿಜಕ್ಕ ಮತ್ತೆ ಹೋಟೆಲಿಗೆ ಬರಲಿಲ್ಲ. ಕೌಂಟರಿನ ಹಿಂದೆ ಐತಾಳರು ಕೂತರು, ಯಾರ ಮುಖವನ್ನೂ ನೋಡದೆ ಚಿಲ್ಲರೆ ಕೊಟ್ಟರು. ಚಟ್ನಿಗೆ ಉಪ್ಪು ಹೆಚ್ಚಿದೆ ಎಂದು ಗಿರಾಕಿಗಳು ಹೇಳಿದರೆ ಹೌದು ಎನ್ನುತ್ತಿದ್ದರು.

ಚಳಿಗಾಲದಲ್ಲಿ ಒಮ್ಮೆ ಅವರ ಮನೆಗೆ ಹೋದೆ. ಗಿರಿಜಕ್ಕ ಆ ಸೀಟಿನ ಎಡತುದಿಯಲ್ಲಿದ್ದರು. ಬಲಗಡೆ ಡ್ರೈವರಿನ ಜಾಗ ಖಾಲಿ. ಒಂದು ಸಲ ನಮ್ಮ ಕಾರಿನ ದನಿ ಮಾಡು ಎಂದರು. ನಾನು ಚಳಿ ಬೆಳಗಿನ ಸ್ಟಾರ್ಟು ಮಾಡಿದೆ: ಸೆಲ್ಫು ಎರಡು ಸಲ ಕೆಮ್ಮಿ ಸೋತದ್ದು, ಚೋಕ್ ಎಳೆದದ್ದು, ಮೂರನೇ ಸಲಕ್ಕೆ ಹಿಡಿದುಕೊಂಡದ್ದು. ಕೊನೆಗೆ ಬಾಯಲ್ಲೇ ಬಾಗಿಲು ತೆರೆದೆ, ‘ಕ್ರೀಂಯ್’.

ಗಿರಿಜಕ್ಕ ಎರಡೂ ಕೈಯಿಂದ ತಮ್ಮ ಎಡಗಾಲನ್ನೆತ್ತಿ ಒಳಗಿಟ್ಟುಕೊಂಡರು. ಒಳಗು ಎಂಬುದು ಅಲ್ಲಿ ಇರಲಿಲ್ಲ. ಕಾಲು ನೆಲದ ಮೇಲೆ ಒಂದು ಗೇಣು ಈಚೆ ಬಂತು, ಅಷ್ಟೇ.

ಈಗ ನಾನು ನೊಯ್ಡಾದ ಒಂದು ವರ್ಕ್‌ಶಾಪಿನಲ್ಲಿದ್ದೇನೆ. ಹಳೆಯ ಕಾರಿನವರು ಈಗಲೂ ಶಬ್ದ ಹೊತ್ತು ಬರುತ್ತಾರೆ, ನಾನು ಈಗಲೂ ಅಣಕಿಸುತ್ತೇನೆ, ಅವರು ಈಗಲೂ ನಗುತ್ತಾರೆ. ಈ ಕೆಲಸ ಕಲಿಸಿದ್ದು ಒಂದೇ: ಕಾರನ್ನು ತುಂಬ ಚೆನ್ನಾಗಿ ನೋಡಿಕೊಂಡಿದ್ದೇನೆ ಎಂದು ಯಾರಾದರೂ ಹೇಳಿದರೆ, ಬಾಯಿ ಮುಚ್ಚಿಕೊಂಡು, ಮೊದಲು ಮ್ಯಾಟು ಎತ್ತಿ ನೋಡುತ್ತೇನೆ.