ಅಂಗೈಯ ಜೋಳ, ಕಣ್ಣಿನ ನುಸಿ

ಜೋಳವನ್ನು ಅಂಗಡಿಯ ಒಳಗಿನ ಮಬ್ಬಿನಲ್ಲೇ ನೋಡಿ ಕೊಳ್ಳುವವನನ್ನು ನಾನು ವ್ಯಾಪಾರಿ ಎನ್ನುವುದಿಲ್ಲ. ಚೀಲಕ್ಕೆ ಕೊಳವೆ ಚುಚ್ಚಿ ತೆಗೆದ ಒಂದು ಹಿಡಿ ಕಾಳನ್ನು ಅಂಗೈ ಮೇಲೆ ಹರವಿಕೊಂಡು, ಬಾಗಿಲ ಬೆಳಕಿಗೆ ಬಂದು, ಕೈಯನ್ನು ತುಸು ಓರೆಮಾಡಿ, ಉಸಿರು ಬಿಗಿಹಿಡಿದು ನೋಡಬೇಕು. ಪುಣೆಯ ಮಾರ್ಕೆಟ್ ಯಾರ್ಡಿನಲ್ಲಿ ಇಂಡಿ, ಸಿಂದಗಿ ಕಡೆಯ ಬಿಳಿಜೋಳ ಮಾರಿ ಬದುಕುವ ನಮ್ಮಂಥವರಿಗೆ ಅದೇ ಬೆಳಗಿನ ಪೂಜೆ. ನಾನು 'ಚಲೋ ಅದ' ಎಂದರೆ ಚೀಲ ಇಳಿಯುತ್ತಿತ್ತು, ತಲೆಯಾಡಿಸಿದರೆ ಲಾರಿ ಮುಂದಕ್ಕೆ ಹೋಗುತ್ತಿತ್ತು. ನನ್ನ ಕಣ್ಣಿನ ಬಗ್ಗೆ ನನಗೆ ಜಂಬವಿತ್ತು, ಈಗಲೂ ಇದೆ.

ಮೊಬೈಲುಗಳು ಇನ್ನೂ ಅಂಗಿಯ ಕಿಸೆಗೆ ಬಾರದಿದ್ದ ಆ ದಿನಗಳಲ್ಲಿ, ಒಂದು ಬೆಳಿಗ್ಗೆ, ಇಂಡಿಯಿಂದ ಪ್ರತಿವರ್ಷ ನಮಗೆ ಮಾಲು ತರುತ್ತಿದ್ದ ಈರಪ್ಪನವರ ಜೋಳದಲ್ಲಿ ನುಸಿ ಕಂಡಿತು. ಊದಿದೆ, ಹಾರಲಿಲ್ಲ. ಉಗುರಿನಿಂದ ಎತ್ತಹೋದೆ, ಪಕ್ಕದ ಕಾಳಿಗೆ ಸರಿಯಿತು. ಬೇರೆ ಚೀಲ ಚುಚ್ಚಿಸಿದರೆ ಅಲ್ಲೂ ಅದೇ ಕಪ್ಪು ಚುಕ್ಕೆ, ಹಿಂದೊಂದು ಬಾಲ.

"ನುಸಿ ಹತ್ತೇದರಿ ಈರಪ್ಪಾರ" ಎಂದೆ.

ಅವರು ನನ್ನ ಕೈಯನ್ನು ಮೂಗಿನ ತನಕ ಎಳೆದುಕೊಂಡು ನೋಡಿದರು. "ಎಲ್ಲ್ಯದರಿ ಸಾವ್ಕಾರ್ರ? ನನಗೊಂದೂ ಕಾಣವಲ್ದು." ಲಾರಿಯನ್ನು ಅಲ್ಲೇ ನಿಲ್ಲಿಸಿಕೊಂಡು, ಮುಖ ಊದಿಸಿಕೊಂಡು ಕೂತುಬಿಟ್ಟರು.

ಮಧ್ಯಾಹ್ನ ಮನೆಯಲ್ಲಿ, ಕಿಟಕಿಯ ಬೆಳಕಿಗೆ ಹಿಡಿದ ಮೊಸರಿನ ಬಟ್ಟಲಲ್ಲೂ ಅದೇ ಬಾಲದ ಪ್ರಾಣಿ ಈಜುತ್ತಿತ್ತು. "ಮೊಸರಿಗೂ ನುಸಿ ಹತ್ತೇದೇನ್ರಿ?" ಎಂದು ನಕ್ಕ ನನ್ನ ಹೆಂಡತಿ ಶಾಂತಾ, ಮರುಕ್ಷಣವೇ ನಗು ನಿಲ್ಲಿಸಿ, ಚಪ್ಪಲಿ ಮೆಟ್ಟಿ ನನ್ನನ್ನು ಕಣ್ಣಿನ ಡಾಕ್ಟರ ಬಳಿ ಹೊರಡಿಸಿದಳು. ದಾರಿಯುದ್ದಕ್ಕೂ ನನಗೆ ಭಯ. ಕಣ್ಣು ಹೋದರೆ ಆ ಅಂಗಡಿಯಲ್ಲಿ ನಾನು ಗಾದಿಯ ಮೇಲಿನ ಲೋಡುದಿಂಬಿನಷ್ಟೇ ಉಪಯೋಗದವನು.

ಡಾಕ್ಟರು ಧಾರವಾಡದ ಹುಡುಗಿ. ಹನಿ ಹಾಕಿ, ದೀಪ ಹಿಡಿದು, ಸಾವಧಾನವಾಗಿ ನೋಡಿದಳು. "ಹೆದರಬ್ಯಾಡ್ರಿ ಕಾಕಾ. ಕಣ್ಣಿನ ಒಳಗ ತುಂಬಿರೋದು ಒಂದ್ ನಮೂನಿ ಲೋಳಿರಿ. ಭಾಳಷ್ಟು ನೀರ, ಅದರಾಗ ಪ್ರೋಟೀನಿನ ಸಣ್ಣ ಎಳಿ. ವಯಸ್ಸಾದಂಗ ಆ ಎಳಿ ಒಂದಕ್ಕೊಂದು ಅಂಟಿ ಗಂಟ ಆಗ್ತಾವ. ನಿಮಗ ಕಾಣೋದು ಆ ಗಂಟಿನ ನೆರಳು."

"ಹೋಗ್ತದೇನವಾ?"

"ಪೂರ್ತಿ ಹೋಗೂದಿಲ್ರಿ, ರೂಢಿ ಆಗ್ತದ. ಆದ್ರ ಮಿಂಚು ಹೊಡದಂಗ ಆದ್ರ, ಪರದೆ ಇಳದಂಗ ಆದ್ರ, ಒಂದ್ ಘಳಿಗಿನೂ ತಡಾ ಮಾಡದ ಬರ್ರಿ."

ರಿಕ್ಷಾದಲ್ಲಿ ಮರಳುವಾಗ, ಹನಿಯಿಂದ ಪಾಪೆ ಹಿಗ್ಗಿದ ಕಣ್ಣಿಗೆ ಇಡೀ ಪುಣೆ ಸುಣ್ಣ ಬಳಿದಂತೆ ಬೆಳ್ಳಗಾಗಿತ್ತು. ನೋಡುವುದನ್ನೇ ಕಸುಬು ಮಾಡಿಕೊಂಡ ನಾನು ಇಷ್ಟು ವರ್ಷ ಯಾವುದರ ಮೂಲಕ ನೋಡುತ್ತಿದ್ದೆನೋ ಅದನ್ನು ಒಮ್ಮೆಯೂ ನೋಡಿರಲಿಲ್ಲವಲ್ಲ! ಪಾರದರ್ಶಕವೆಂದರೆ ಬರಿದು ಎಂದುಕೊಂಡಿದ್ದೆ. ಹಾಗಲ್ಲ ನೋಡಿ; ಕಾಣದ ಎಳೆಗಳು ದೂರ ದೂರ ನಿಂತು ಬೆಳಕಿಗೆ ದಾರಿ ಬಿಡುತ್ತವೆ, ಆ ಶಿಸ್ತು ತಪ್ಪಿ ಗುಂಪುಗೂಡಿದಾಗಲೇ ಅಲ್ಲೊಂದು ವಸ್ತು ಇತ್ತೆಂಬುದು ನಮಗೆ ತಿಳಿಯುತ್ತದೆ. ಪಕ್ಕದಲ್ಲಿ ನನ್ನ ಮೊಣಕೈ ಹಿಡಿದು ಕೂತ ಶಾಂತಾಳನ್ನು ನೋಡಿದೆ. ಮನೆ ಸರಾಗವಾಗಿ ನಡೆದಷ್ಟು ಕಾಲ ಅವಳ ಕೆಲಸವೂ ನನಗೆ ಕಂಡಿರಲಿಲ್ಲ. ಅವಳ ಮೇಲೆ ಬಹಳ ಪ್ರೀತಿ ಬಂತು.

ಸಂಜೆ ಈರಪ್ಪನವರ ಮಾಲು ಇಳಿಯಿತು. ಸುದ್ದಿಯೂ ಇಳಿಯಿತು: ಸಾಹುಕಾರನ ಕಣ್ಣಿಗೇ ನುಸಿ ಹತ್ತಿದೆಯಂತೆ! ಆಮೇಲೆ ನಾನು ಅಂಗೈ ಹರವಿದಾಗಲೆಲ್ಲ, ಯಾರೋ ಒಬ್ಬರು ಭುಜದ ಮೇಲಿಂದ ಇಣುಕಿ ಖಾತ್ರಿ ಮಾಡಿಕೊಳ್ಳುತ್ತಿದ್ದರು. ಅದು ನನ್ನನ್ನು ಚುಚ್ಚುತ್ತಿತ್ತು. ಆದರೆ ಅಷ್ಟರಲ್ಲಿ ನನ್ನ ಕಣ್ಣಿನ ನಡೆಯನ್ನು ನಾನು ಕಲಿತುಬಿಟ್ಟಿದ್ದೆ.

ಮುಂದಿನ ಸುಗ್ಗಿಗೆ ಈರಪ್ಪನವರೇ ಮತ್ತೆ ಬಂದರು. ಬಾಗಿಲ ಬೆಳಕು, ಅಂಗೈ, ಬಿಳಿಜೋಳ, ಕಪ್ಪು ಚುಕ್ಕೆ. ನಾನು ತಡೆದದ್ದು ಕಂಡು ಅವರು ಮೀಸೆಯಡಿ ನಕ್ಕರು. "ಇದು ಯಾರದರಿ ಸಾವ್ಕಾರ್ರ, ನಿಮ್ಮದೋ ನಮ್ಮದೋ?"

ಕೈಯನ್ನು ಅಲುಗಿಸದೆ, ಕಣ್ಣನ್ನಷ್ಟೇ ಗೋಡೆಯತ್ತ ಹೊರಳಿಸಿ ಮತ್ತೆ ಕಾಳಿಗೆ ತಂದೆ. ಬಾಲವಿದ್ದ ನನ್ನ ಚುಕ್ಕೆ ತಡವಾಗಿ ತೇಲುತ್ತ ಹಿಂದೆಯೇ ಬಂತು. ಇನ್ನೊಂದು ಚುಕ್ಕೆ ಕಾಳಿನ ಮೇಲೆ ಇದ್ದಲ್ಲೇ ಇತ್ತು.

"ಇದು ನಿಮ್ಮದರಿ" ಎಂದೆ.

ಈರಪ್ಪನವರು ಅದನ್ನು ತಮ್ಮ ಉಗುರಿನ ಮೇಲೆ ಎತ್ತಿಕೊಂಡರು. ಅದು ನಡೆಯತೊಡಗಿತು. ಅದನ್ನೇ ನೋಡುತ್ತ, ಲಾರಿಯ ಮೇಲಿದ್ದವರಿಗೆ ಅವರು ಕೂಗಿ ಹೇಳಿದರು: "ಇಳಸಬ್ಯಾಡ್ರೋ, ಸಾವ್ಕಾರ್ರು ಕಂಡಾರ."