ಅಂಗಳದ ಹೆಜ್ಜೆ ಓದುವ ಹೊನ್ನೂರಮ್ಮ

ಬೆಳಗಿನ ಐದೂಮುಕ್ಕಾಲು. ಹೊಸಪೇಟೆಯಲ್ಲಿ ಸಂಡೂರು ರಸ್ತೆಗೆ ಅಂಟಿಕೊಂಡ ಮನೆಯ ಮುಂದೆ ಸುಂಕಲಮ್ಮ ಪೊರಕೆ ಹಿಡಿದು ನಿಂತಿದ್ದಾಳೆ. ಗುಡಿಸುವಂತಿಲ್ಲ. ರಾತ್ರಿಯೆಲ್ಲ ಲಾರಿಗಳು ಎಬ್ಬಿಸಿದ ಅದಿರಿನ ಧೂಳು ಅಂಗಳದಲ್ಲಿ ಕೆಂಪಗೆ ಹಾಸಿದೆ. ಅದರ ಮೇಲೆ ಮೂಡಿದ ಹೆಜ್ಜೆಗಳನ್ನು ಹೊನ್ನೂರಮ್ಮ ಕುಕ್ಕರಗಾಲಲ್ಲಿ ಕುಳಿತು ಒಂದೊಂದಾಗಿ ಓದುತ್ತಿದ್ದಾರೆ.

"ಜಲ್ದಿ ನೋಡ್ರಿ ಅಕ್ಕ. ಓಣ್ಯಾಗ ಎಲ್ಲಾರ ಅಂಗಳಕ್ಕೂ ನೀರು ಬಿತ್ತು. ನನ್ನ ಸೋಂಬೇರಿ ಅಂತಾರ."

"ಅನ್ಲಿ ಬಿಡವ್ವ. ಅವರ ಗಂಡಂದ್ರ ಕಾಲು ಮುರಿದಿಲ್ಲ."

ಹೊನ್ನೂರಮ್ಮನಿಗೆ ಐವತ್ತೆರಡು. ತವರೂರು ಮೆಟ್ರಿ. ನರ್ಸಿಂಗ್ ಹೋಮ್ ಒಂದರ ಫಿಸಿಯೋಥೆರಪಿ ಕೋಣೆಯಲ್ಲಿ ಹದಿನಾರು ವರ್ಷದಿಂದ ಆಯಾ. ನೆಲ ಒರೆಸುವುದಷ್ಟೇ ಅವರ ಕೆಲಸ. ರೋಗಿಗಳನ್ನು ನಡೆಸುವುದನ್ನು ನೋಡಿ ನೋಡಿ ಕಲಿತರು. ಮೊದಲು ನಡೆಸಿದ್ದು ಪಾರ್ಶ್ವವಾಯು ಹೊಡೆದಿದ್ದ ಅತ್ತೆಯನ್ನು. "ಮೂರು ತಿಂಗಳು ಹಿಡಕೊಂಡು ನಡೆಸಿದೆ. ಕೈಬಿಟ್ಟ ದಿನ ಸೀದಾ ಅಡುಗಿಮನಿಗೆ ಬಂದು, ಸಾರಿಗೆ ಉಪ್ಪು ಕಮ್ಮಿ ಅಂದ್ಲು. ಈ ಕೆಲಸ ನನಗ ಬರತೈತಿ ಅಂತ ಅವತ್ತ ಗೊತ್ತಾತು."

ಚೀನಾಕ್ಕೆ ಅದಿರು ಹೊರಟ ಈ ಮೂರು ವರ್ಷಗಳಲ್ಲಿ ಲಾರಿಗಳು ಹೆಚ್ಚಿವೆ, ಮುರಿದ ಕಾಲುಗಳೂ ಹೆಚ್ಚಿವೆ. ಡ್ಯೂಟಿಗೆ ಮೊದಲು ಹೊನ್ನೂರಮ್ಮ ದಿನಕ್ಕೆ ಐದು ಮನೆ ಸುತ್ತುತ್ತಾರೆ. ಹೇಳಿದಷ್ಟು ಯಾರೂ ನಡೆಯುವುದಿಲ್ಲ. ನಡೆದೆವು ಎಂದು ಎಲ್ಲರೂ ಹೇಳುತ್ತಾರೆ. ಅದಕ್ಕೇ ಐದೂ ಮನೆಗಳಲ್ಲಿ ಅವರು ಬರುವ ತನಕ ಪೊರಕೆಗೆ ರಜೆ.

ಈ ಮನೆಯ ಉಚ್ಚೆಂಗಪ್ಪ ಲಾರಿ ಡ್ರೈವರ್. ಸಂಡೂರು ಘಾಟಿನ ತಿರುವಿನಲ್ಲಿ ಲಾರಿ ಮಗುಚಿ ಎಡತೊಡೆ ಮುರಿದು ಒಳಗೆ ರಾಡು ಹಾಕಿದ್ದಾರೆ. ಮೂಳೆ ಕೂಡಿದೆ, ಕೋಲು ಬಿಡಬಹುದು ಎಂದು ಡಾಕ್ಟರು ಹೇಳಿ ತಿಂಗಳಾಯಿತು. ಅವನು ಬಿಟ್ಟಿಲ್ಲ. ಸೋಮವಾರ ಲಾರಿ ಯಾರ್ಡಿನ ಗೇಟಿನಿಂದ ಲಾರಿಯವರೆಗೆ ಕೋಲಿಲ್ಲದೆ ನಡೆದು ಕ್ಯಾಬಿನ್ ಹತ್ತಬೇಕು, ಇಲ್ಲದಿದ್ದರೆ ಲಾರಿ ಬೇರೆಯವರಿಗೆ ಎಂದು ಮಾಲೀಕ ಸಿದ್ದಲಿಂಗೇಶ್ ಹೇಳಿದ್ದಾನೆ. ಇಂದು ಶನಿವಾರ.

"ಎಷ್ಟು ಸುತ್ತು ಹಾಕಿದಿ?" ಹೊಸ್ತಿಲಲ್ಲಿ ನಿಂತ ಅವನನ್ನು ಹೊನ್ನೂರಮ್ಮ ಕೇಳುತ್ತಾರೆ.

"ಇಪ್ಪತ್ತು, ಅಕ್ಕ. ಕೋಲು ಮುಟ್ಟಿಲ್ಲ."

"ಚಪ್ಪಲಿ ನಿಂದ. ಕಾಲು ಯಾರ್ದು?"

ಉಚ್ಚೆಂಗಪ್ಪ ರಸ್ತೆ ನೋಡುತ್ತಾನೆ.

"ನೀ ಎಡಗಾಲು ಎಳಿತಿ. ಹೆಜ್ಜಿ ಹಿಂದ ಇಲಿ ಬಾಲ ಇದ್ದಂಗ ಗೀರು ಬೀಳತೈತಿ. ಇಲ್ಲಿ ಬಾಲ ಎಲ್ಲೈತಿ? ಮುರಕೊಳ್ಳೋಕ ಮುಂಚೇನೂ ನೀ ಇಷ್ಟು ನೆಟ್ಟಗ ನಡೆದಿಲ್ಲಲೇ!"

ಬಾಗಿಲ ಹಿಂದಿನಿಂದ ಸುಂಕಲಮ್ಮನ ತಮ್ಮ ಹುಸೇನಪ್ಪ ಬೆವರು ಒರೆಸುತ್ತ ಹೊರಬರುತ್ತಾನೆ. ಕಾಲಲ್ಲಿ ಭಾವನ ಚಪ್ಪಲಿ.

"ನನ್ನ ನಡಿಗಿ ಹೆಂಗೈತ್ರಿ?"

"ಮಸ್ತ್ ಐತಿ. ಸೋಮವಾರ ಲಾರಿನೂ ನೀನ ಹತ್ತಿಬಿಡು."

ಹುಸೇನಪ್ಪನಿಗೆ ಸೈಕಲ್ ಬಿಟ್ಟರೆ ಬೇರೇನೂ ಓಡಿಸಲು ಬರುವುದಿಲ್ಲ. ಸುಂಕಲಮ್ಮನ ಪೊರಕೆ ಮೇಲೇಳುತ್ತದೆ. ಗಂಡನಿಗೋ ತಮ್ಮನಿಗೋ ಎಂದು ಅವಳು ನಿರ್ಧರಿಸುವ ಮೊದಲೇ ಉಚ್ಚೆಂಗಪ್ಪ ಸಣ್ಣ ದನಿಯಲ್ಲಿ ಹೇಳುತ್ತಾನೆ: "ಕೋಲು ಬಿಟ್ಟ ಕೂಡ್ಲೆ ಆ ತಿರುವು ಕಣ್ಮುಂದ ಬರತೈತಿ, ಅಕ್ಕ."

ಹೊನ್ನೂರಮ್ಮ ಎದ್ದು ಮಂಡಿ ಒರೆಸಿಕೊಳ್ಳುತ್ತಾರೆ. "ಬರ್ಲಿ. ಅದು ಬಂದು ಹೋಗೋದ್ರಾಗ ನೀ ಎರಡು ಹೆಜ್ಜಿ ಹಾಕು."

ಕೋಲು ಕಸಿದು ಅವನ ಕೈಗೆ ಪೊರಕೆ ಕೊಡುತ್ತಾರೆ. ಊರಲು ಬಾರದು, ಹಿಡಿಯಲು ಸಾಕು. ಅವನು ಎಡಗಾಲು ಎಳೆಯುತ್ತ ಹೊರಡುತ್ತಾನೆ. ಎದುರುಮನೆಯ ವಿರುಪಮ್ಮ ಕೂಗುತ್ತಾಳೆ: "ಸುಂಕಲವ್ವಾ, ಕಡೀಗೂ ಗಂಡನ ಕೈಗೆ ಪೊರಕಿ ಕೊಟ್ಟೆಲ್ಲ!" ನಾಚಿಕೆಗೆ ಅವನ ಹೆಜ್ಜೆ ಜೋರಾಗುತ್ತದೆ. ಆರನೇ ಸುತ್ತಿಗೆ ಪೊರಕೆ ಕಂಕುಳಲ್ಲಿದೆ. ಅದು ಅವನಿಗೆ ಗೊತ್ತಿಲ್ಲ.

ಸೋಮವಾರ ಗೇಟಿನಲ್ಲಿ ಅವನು ಕೋಲನ್ನು ಹೊನ್ನೂರಮ್ಮನ ಕೈಗೆ ಕೊಡುತ್ತಾನೆ. ಸಿದ್ದಲಿಂಗೇಶ್ ಸೊಂಟಕ್ಕೆ ಕೈಯಿಟ್ಟು ನೋಡುತ್ತಾನೆ. ಅರ್ಧ ದಾರಿಯಲ್ಲಿ ಉಚ್ಚೆಂಗಪ್ಪ ನಿಲ್ಲುತ್ತಾನೆ. ಮತ್ತೆ ಎರಡು ಹೆಜ್ಜೆ, ಮತ್ತೆರಡು. ಕ್ಯಾಬಿನ್ ಹತ್ತಿ ಹಾರ್ನ್ ಒತ್ತಿ ಹೊರಟೇ ಹೋಗುತ್ತಾನೆ.

ಹೀಗೆ ಬಿಟ್ಟುಹೋದ ಕೋಲುಗಳು ಹೊನ್ನೂರಮ್ಮನ ಹಿತ್ತಿಲಲ್ಲಿ ಹೀರೆ ಬಳ್ಳಿ ಹೊತ್ತಿವೆ. ಉಚ್ಚೆಂಗಪ್ಪ ಒಂದು ಮಾತೂ ಹೇಳದೆ ಹೋದನಲ್ಲ ಎಂದರೆ ನಗುತ್ತಾರೆ.

"ತಿರುಗಿ ನೋಡಬ್ಯಾಡ ಅಂತ ನಾನ ಕಲ್ಸೀನ್ರಿ. ತಿರುಗಿದ್ರ ಹೆಜ್ಜಿ ತಪ್ಪತೈತಿ."

ಅವರ ಕಣ್ಣು ಆಗಲೇ ನೆಲದ ಮೇಲಿದೆ. ಗೇಟಿನಿಂದ ಧೂಳಿನಲ್ಲಿ ಸಾಗಿದ ಹೆಜ್ಜೆಗಳು. ಎಡಗಾಲಿನ ಹಿಂದೆ ಬಾಲವಿಲ್ಲ. ದೂರದಲ್ಲಿ ಇನ್ನೊಂದು ಲಾರಿಯ ಸದ್ದು.

"ಆ ಲಾರಿ ಬಂದು ಅಳಿಸೋದು ಸ್ವಲ್ಪ ತಡ ಆದ್ರ ಸಾಕ್ರಿ," ಎಂದು ಹೊನ್ನೂರಮ್ಮ ಕುಕ್ಕರಗಾಲಲ್ಲಿ ಕೂರುತ್ತಾರೆ. "ಈ ಹೆಜ್ಜಿ ಇನ್ನೊಂದ್ಸಲ ನೋಡ್ತೀನಿ."